ಹತ್ತಕ್ಕೆ ಮೂರು

ನಮ್ಮ ಮನೆಯಲ್ಲಿ ಇಂಗ್ಲಿಷ್ ಓದಲು ಬರುವವನು ನಾನೊಬ್ಬನೇ. ಬ್ಯಾಂಕಿನ ನೋಟಿಸ್ ಇರಲಿ, ಔಷಧಿ ಡಬ್ಬಿಯ ಮೇಲಿನ ಬರಹ ಇರಲಿ, ಆಸ್ಪತ್ರೆಯ ಫೈಲ್ ಇರಲಿ, ಎಲ್ಲ ನನ್ನ ಕೈಗೇ ಬರುತ್ತವೆ. ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಹಾಗೆ ಕೈಗೆ ಬಂದ ಫೈಲೊಂದನ್ನು ನಾನು ತಪ್ಪಾಗಿ ಓದಿದೆ. ಆ ತಪ್ಪಿನಿಂದಲೇ ನನಗೆ ಡಾ. ವರ್ಜೀನಿಯಾ ಅಪ್ಗಾರ್ ಪರಿಚಯವಾದರು. ಅವರು ತೀರಿಹೋಗಿದ್ದು 1974ರಲ್ಲಿ. ನನ್ನ ಅಪ್ಪನಿಗೆ ಆಗ ನಡೆಯಲು ಬರುತ್ತಿತ್ತೋ ಇಲ್ಲವೋ.

ನಮ್ಮೂರು ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿ. ಅಕ್ಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕುಬಸದ ಕಾರ್ಯ ಮುಗಿದು ಎರಡು ವಾರವೂ ಆಗಿರಲಿಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲು ನಮ್ಮ ಭಾಗದಲ್ಲಿ ಎಷ್ಟು ಹೆಸರುವಾಸಿ ಎಂದು ಓದುಗರಿಗೆ ಹೇಳಬೇಕಿಲ್ಲ. ಮೊದಲ ಮೊಮ್ಮಗುವಿಗೆ ಅಂಥದ್ದೇ ಬೇಕು ಎಂದು ಅಪ್ಪ ಮುಂಗಡ ಕೊಟ್ಟು ಬಂದಿದ್ದ. ಹೆರಿಗೆಗೆ ಇನ್ನೂ ಎರಡು ತಿಂಗಳಿದೆ, ನಿಧಾನವಾಗಿ ಮಾಡಿಕೊಡಲಿ ಎಂಬ ಲೆಕ್ಕ.

ಲೆಕ್ಕ ತಪ್ಪಿತು. 32ನೇ ವಾರಕ್ಕೇ ಅಕ್ಕನಿಗೆ ನೋವು ಶುರುವಾಯಿತು. ಊರಿಗೆ ಹತ್ತಿರದ ಆಸ್ಪತ್ರೆಯಲ್ಲೇ ಹೆರಿಗೆಯಾಯಿತು. ಆದರೆ ಕೂಸು ಅಳಲಿಲ್ಲ. ಮೈ ನೀಲಿಗಟ್ಟಿತ್ತು, ಕೈಕಾಲು ಜೋತುಬಿದ್ದಿದ್ದವು ಎಂದು ಅವ್ವ ಆಮೇಲೆ ಹೇಳಿದಳು. ಅಲ್ಲಿದ್ದ ಸಿಸ್ಟರ್ ಕೂಸನ್ನು ಬೆಚ್ಚನೆಯ ಬಟ್ಟೆಯಲ್ಲಿ ಒರೆಸಿ, ಮೂಗು ಬಾಯಿಯ ಮೇಲೆ ಪುಟ್ಟ ಮಾಸ್ಕ್ ಹಿಡಿದು, ಅದಕ್ಕೆ ಜೋಡಿಸಿದ ರಬ್ಬರಿನ ಚೀಲವನ್ನು ಕೈಯಿಂದ ಒತ್ತುತ್ತ ಗಾಳಿ ಕೊಟ್ಟರಂತೆ. ಸ್ವಲ್ಪ ಹೊತ್ತಿಗೆ ಬೆಕ್ಕಿನ ಮರಿಯಂಥ ಒಂದು ದನಿ ಬಂತು. ತೂಕ ಒಂದೂವರೆ ಕೆ.ಜಿ. ಉಸಿರು ಎಳೆದುಕೊಳ್ಳಲು ಒದ್ದಾಡುತ್ತಿದ್ದ ಕೂಸನ್ನು 108 ಆಂಬುಲೆನ್ಸ್‌ನಲ್ಲಿ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅವ್ವ ಕೂಸಿನ ಹತ್ತಿರ, ನಾನು ಮುಂದಿನ ಸೀಟಿನಲ್ಲಿ. ಫೈಲ್ ನನ್ನ ತೊಡೆಯ ಮೇಲೆ.

ಮೊಬೈಲ್ ಬೆಳಕಿನಲ್ಲಿ ಅದನ್ನು ಬಿಡಿಸಿದೆ. ಅಪ್ಗಾರ್ ಎಂಬ ಐದು ಇಂಗ್ಲಿಷ್ ಅಕ್ಷರ, ಅದರ ಮುಂದೆ 1 ನಿಮಿಷಕ್ಕೆ 3/10, 5 ನಿಮಿಷಕ್ಕೆ 6/10 ಎಂದಿತ್ತು. ಎಂಜಿನಿಯರಿಂಗ್ ವಿದ್ಯಾರ್ಥಿಗೆ ಅಂಕ ಎಂದರೆ ಏನೆಂದು ಹೇಳಿಕೊಡಬೇಕೇ? ಆ ಸೆಮಿಸ್ಟರ್‌ನಲ್ಲಿ ನನ್ನವೇ ಎರಡು ವಿಷಯ ಬ್ಯಾಕ್ ಉಳಿದಿದ್ದವು. ಹತ್ತಕ್ಕೆ ಮೂರು ಎಂದರೆ ಫೇಲ್. ಡಾಕ್ಟರೇ ಬರೆದು ಕೊಟ್ಟಿದ್ದಾರೆ, ಕೂಸು ಉಳಿಯುವುದಿಲ್ಲ ಎಂದುಕೊಂಡೆ. ಏನು ಬರೆದಿದ್ದಾರೆ ಎಂದು ಅವ್ವ ಹಿಂದಿನಿಂದ ಕೇಳಿದಳು. ತೂಕ ಬರೆದಿದ್ದಾರೆ ಅಷ್ಟೇ ಅಂದೆ. ಹುಬ್ಬಳ್ಳಿ ಮುಟ್ಟಿದ ಮೇಲೆ ಅಪ್ಪನಿಗೆ ಫೋನ್ ಮಾಡಿ, ತೊಟ್ಟಿಲಿನವನಿಗೆ ಸದ್ಯಕ್ಕೆ ಕೆಲಸ ನಿಲ್ಲಿಸಲು ಹೇಳು ಎಂದೆ. ಅಪ್ಪ ಯಾಕೆ ಎಂದು ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನ್ ಇಟ್ಟ.

ಮರುದಿನ ಬೆಳಿಗ್ಗೆ ನವಜಾತ ಶಿಶುಗಳ ಘಟಕದ ಬಾಗಿಲಲ್ಲಿ ಒಬ್ಬ ಹಿರಿಯ ಸಿಸ್ಟರ್ ಸಿಕ್ಕರು. ಧೈರ್ಯ ಮಾಡಿ ಆ ಮೂರು ಅಂಕದ ಬಗ್ಗೆ ಕೇಳಿದೆ. ಅವರು ನಕ್ಕರು. ಇದು ಪರೀಕ್ಷೆಯ ಅಂಕವಲ್ಲ, ಆ ಒಂದು ನಿಮಿಷದಲ್ಲಿ ಕೂಸಿನ ಸ್ಥಿತಿ ಹೇಗಿತ್ತು ಎಂದು ತಿಳಿಸುವ ಗುರುತು, ಮೂರು ಇದ್ದದ್ದು ಐದು ನಿಮಿಷಕ್ಕೆ ಆರಾಗಿದೆಯಲ್ಲ ಅದನ್ನು ನೋಡು ಎಂದರು. ದಿನ ತುಂಬದ ಕೂಸುಗಳ ಮೈಯಲ್ಲಿ ಬಿಗಿ ಕಡಿಮೆ, ಹಾಗಾಗಿ ಅವಕ್ಕೆ ಅಂಕ ಸಹಜವಾಗಿಯೇ ಕಡಿಮೆ ಬರುತ್ತದೆ ಎಂದೂ ತಿಳಿಸಿದರು. ಅಪ್ಗಾರ್ ಎನ್ನುವುದು ಯಾವುದೋ ಸೂತ್ರದ ಸಂಕ್ಷಿಪ್ತ ರೂಪ ಇರಬೇಕು ಎಂದುಕೊಂಡಿದ್ದೆ. ಅದು ಒಬ್ಬ ಡಾಕ್ಟರಮ್ಮನ ಹೆಸರು ಎಂದು ಗೊತ್ತಾಗಿದ್ದು ಆಗಲೇ. ಮುಂದಿನ ದಿನಗಳಲ್ಲಿ ಆ ವರಾಂಡದಲ್ಲಿ ಕೂತು, ಆಮೇಲೆ ಕಾಲೇಜಿನ ಗ್ರಂಥಾಲಯದಲ್ಲಿ ಹುಡುಕಿ, ಅವರ ಬದುಕನ್ನು ಓದಿಕೊಂಡೆ.

ವರ್ಜೀನಿಯಾ ಅಪ್ಗಾರ್ ಹುಟ್ಟಿದ್ದು 1909ರ ಜೂನ್ 7ರಂದು, ಅಮೆರಿಕದ ನ್ಯೂಜೆರ್ಸಿ ರಾಜ್ಯದ ವೆಸ್ಟ್‌ಫೀಲ್ಡ್‌ನಲ್ಲಿ. ತಂದೆ ಚಾರ್ಲ್ಸ್ ಅಪ್ಗಾರ್ ವಿಮಾ ಕ್ಷೇತ್ರದಲ್ಲಿದ್ದರೂ ಮನಸ್ಸೆಲ್ಲ ಪ್ರಯೋಗಗಳ ಮೇಲೆ. ಮನೆಯಲ್ಲೇ ದೂರದರ್ಶಕ, ವೈರ್‌ಲೆಸ್ ಯಂತ್ರ ಇಟ್ಟುಕೊಂಡಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಜರ್ಮನಿಗೆ ಹೋಗುತ್ತಿದ್ದ ಗುಪ್ತ ಸಂದೇಶಗಳನ್ನು ಮೇಣದ ಸಿಲಿಂಡರ್‌ಗಳಲ್ಲಿ ರೆಕಾರ್ಡ್ ಮಾಡಿ ಸರ್ಕಾರಕ್ಕೆ ಒಪ್ಪಿಸಿದವರು ಅವರು. ಒಬ್ಬ ಮಗ ಚಿಕ್ಕ ವಯಸ್ಸಿನಲ್ಲೇ ಕ್ಷಯದಿಂದ ತೀರಿಕೊಂಡ, ಇನ್ನೊಬ್ಬ ಸದಾ ಕಾಯಿಲೆಯವನು. ಒಂದು ಕಡೆ ಯಂತ್ರಗಳು, ಇನ್ನೊಂದು ಕಡೆ ಕಾಯಿಲೆ. ಆ ಮನೆಯ ಹುಡುಗಿ ಶಾಲೆ ಮುಗಿಸುವ ಹೊತ್ತಿಗೇ ಡಾಕ್ಟರ್ ಆಗಬೇಕೆಂದು ತೀರ್ಮಾನಿಸಿದ್ದಳು.

ಮನೆಯಲ್ಲಿ ದುಡ್ಡಿಗೆ ಬಿಗಿ. ಮೌಂಟ್ ಹೋಲ್ಯೋಕ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವಾಗ ವಿದ್ಯಾರ್ಥಿವೇತನದ ಜೊತೆಗೆ ಹಲವು ಚಿಲ್ಲರೆ ಕೆಲಸ ಮಾಡಿದರು. ಅದರಲ್ಲಿ ಒಂದು, ಪ್ರಯೋಗಾಲಯಕ್ಕೆ ಬೆಕ್ಕು ಹಿಡಿದು ತರುವುದು! 1929ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವೈದ್ಯಕೀಯ ಕಾಲೇಜು ಸೇರಿದರು. ಮುಂದಿನ ತಿಂಗಳೇ ಅಮೆರಿಕದ ಷೇರುಪೇಟೆ ಕುಸಿದು ಮಹಾ ಆರ್ಥಿಕ ಕುಸಿತ ಶುರುವಾಯಿತು. ಸಾಲ ಮಾಡಿ ಓದು ಮುಂದುವರಿಸಿದರು. 1933ರಲ್ಲಿ ತರಗತಿಗೆ ನಾಲ್ಕನೆಯವರಾಗಿ ಪಾಸಾದಾಗ ತಲೆಯ ಮೇಲೆ ಸುಮಾರು 4,000 ಡಾಲರ್ ಸಾಲ ಇತ್ತು. ಶೈಕ್ಷಣಿಕ ಸಾಲದ ಕಂತನ್ನು ಕನಸಿನಲ್ಲೂ ಎಣಿಸುವ ನಮ್ಮಂಥವರಿಗೆ ಆ ಸಂಕಟ ಅರ್ಥವಾಗುತ್ತದೆ.

ಅವರಿಗೆ ಸರ್ಜನ್ ಆಗುವ ಆಸೆ. ಕೊಲಂಬಿಯಾದಲ್ಲೇ ಶಸ್ತ್ರಚಿಕಿತ್ಸೆಯ ತರಬೇತಿಗೂ ಸೇರಿದರು, ಚೆನ್ನಾಗಿಯೂ ಮಾಡಿದರು. ಆದರೆ ವಿಭಾಗದ ಮುಖ್ಯಸ್ಥ ಅಲೆನ್ ವಿಪಲ್ ಬೇರೆ ದಾರಿ ಹಿಡಿಯುವಂತೆ ಸಲಹೆ ಕೊಟ್ಟರು. ತಾವು ತರಬೇತಿ ಕೊಟ್ಟ ಮಹಿಳಾ ಸರ್ಜನ್‌ಗಳು ನೆಲೆ ನಿಲ್ಲಲು ಪಟ್ಟ ಕಷ್ಟವನ್ನು ಅವರು ನೋಡಿದ್ದರು. ಅದರ ಬದಲು ಅರಿವಳಿಕೆ ಶಾಸ್ತ್ರ ಕಲಿ, ಅದು ಸುಧಾರಿಸದೆ ಶಸ್ತ್ರಚಿಕಿತ್ಸೆ ಮುಂದುವರಿಯದು ಎಂಬುದು ಅವರ ಮಾತಿನ ಸಾರ. ಆಗ ಅರಿವಳಿಕೆ ಕೊಡುತ್ತಿದ್ದವರು ಹೆಚ್ಚಾಗಿ ನರ್ಸ್‌ಗಳು. ಡಾಕ್ಟರುಗಳಿಗೆ ಅದೊಂದು ಗೌರವದ ವಿಷಯವೇ ಆಗಿರಲಿಲ್ಲ. ಕಂಪ್ಯೂಟರ್ ಸೈನ್ಸ್ ಬೇಕೆಂದು ಹೊರಟು, ಸಿಇಟಿ ರ‍್ಯಾಂಕ್ ನೋಡಿ ಮೆಕ್ಯಾನಿಕಲ್‌ಗೆ ಬಂದು ಕೂತ ನಾನು ಈ ಭಾಗವನ್ನು ಎರಡು ಸಲ ಓದಿದೆ.

ಅಪ್ಗಾರ್ ಆ ದಾರಿ ಹಿಡಿದರು. ಮ್ಯಾಡಿಸನ್‌ನಲ್ಲಿ ರಾಲ್ಫ್ ವಾಟರ್ಸ್ ಬಳಿ, ಆಮೇಲೆ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಕಲಿತರು. ಹೆಣ್ಣುಮಕ್ಕಳಿಗೆ ಉಳಿಯಲು ಜಾಗ ಸಿಗುವುದೇ ಕಷ್ಟವಾಗಿತ್ತು. 1938ರಲ್ಲಿ ಕೊಲಂಬಿಯಾಕ್ಕೆ ಮರಳಿ ಅರಿವಳಿಕೆ ವಿಭಾಗದ ಮುಖ್ಯಸ್ಥೆಯಾದರು. ಮುಖ್ಯಸ್ಥೆ ಎಂಬ ಹೆಸರೇನೋ ಇತ್ತು, ಕೆಲಸಕ್ಕೆ ಡಾಕ್ಟರುಗಳು ಸಿಗುತ್ತಿರಲಿಲ್ಲ. ಹತ್ತು ವರ್ಷ ದುಡಿದು ಅದನ್ನು ಕಟ್ಟಿದರು. 1949ರಲ್ಲಿ ಅದು ಪೂರ್ಣ ಪ್ರಮಾಣದ ವಿಭಾಗವಾದಾಗ ಅದರ ಮುಖ್ಯಸ್ಥನ ಸ್ಥಾನ ಇನ್ನೊಬ್ಬರಿಗೆ ಹೋಯಿತು. ಅದೇ ವರ್ಷ ಅವರು ಪ್ರೊಫೆಸರ್ ಆದರು. ಆ ವೈದ್ಯಕೀಯ ಕಾಲೇಜಿನಲ್ಲಿ ಪೂರ್ಣ ಪ್ರೊಫೆಸರ್ ಆದ ಮೊದಲ ಮಹಿಳೆ ಅವರೇ. ಆಡಳಿತದ ಹೊರೆ ಇಳಿದ ಮೇಲೆ ಅವರು ಹೆಚ್ಚು ಹೊತ್ತು ಕಳೆದದ್ದು ಹೆರಿಗೆ ಕೋಣೆಯಲ್ಲಿ.

ಅಲ್ಲಿ ಅವರ ಕಣ್ಣಿಗೆ ಬಿದ್ದ ಒಂದು ಸಂಗತಿ ಹೀಗಿತ್ತು. ಆ ದಶಕಗಳಲ್ಲಿ ಅಮೆರಿಕದಲ್ಲಿ ಒಟ್ಟಾರೆ ಶಿಶುಮರಣ ಇಳಿಯುತ್ತ ಬಂದಿತ್ತು. ಆದರೆ ಹುಟ್ಟಿದ 24 ಗಂಟೆಯೊಳಗೆ ಸಾಯುವ ಕೂಸುಗಳ ಪ್ರಮಾಣ ಇಳಿದಿರಲಿಲ್ಲ. ಹೆರಿಗೆಯಾದ ಕೂಡಲೇ ಎಲ್ಲರ ಗಮನ ತಾಯಿಯ ಕಡೆ. ಕೂಸು ಜೋರಾಗಿ ಅತ್ತರೆ ಸರಿ. ನೀಲಿಗಟ್ಟಿದ, ತೀರಾ ಸಣ್ಣದಾದ, ಉಸಿರಾಡದ ಕೂಸನ್ನು ಏನು ಮಾಡಬೇಕು ಎನ್ನುವುದಕ್ಕೆ ಒಂದು ಕ್ರಮವೇ ಇರಲಿಲ್ಲ. ಒಬ್ಬ ಡಾಕ್ಟರ್ ಪ್ರಯತ್ನಿಸುತ್ತಿದ್ದರು, ಇನ್ನೊಬ್ಬರು ಕೈಬಿಡುತ್ತಿದ್ದರು. ಉಳಿಸಬಹುದಾಗಿದ್ದ ಎಷ್ಟೋ ಕೂಸುಗಳು ಹಾಗೇ ಹೋದವು.

1949ರ ಒಂದು ಬೆಳಿಗ್ಗೆ ಆಸ್ಪತ್ರೆಯ ಕ್ಯಾಂಟೀನ್‌ನಲ್ಲಿ ತಿಂಡಿ ತಿನ್ನುವಾಗ ಒಬ್ಬ ವಿದ್ಯಾರ್ಥಿ, ಹುಟ್ಟಿದ ಕೂಸಿನ ಸ್ಥಿತಿಯನ್ನು ಅಳೆಯುವುದು ಹೇಗೆ ಎಂದು ಕೇಳಿದನಂತೆ. ಅಪ್ಗಾರ್ ಕೈಗೆ ಸಿಕ್ಕ ಚೀಟಿಯ ಮೇಲೆ ಐದು ಅಂಶ ಗೀಚಿ, ಅದನ್ನು ಪರೀಕ್ಷಿಸಲು ಹೆರಿಗೆ ಕೋಣೆಗೆ ನಡೆದೇಬಿಟ್ಟರಂತೆ. ಆ ಐದು ಇವು: ಹೃದಯ ಬಡಿತ, ಉಸಿರಾಟ, ಮೈಯ ಬಿಗಿ, ಕೆಣಕಿದರೆ ಕೂಸು ತೋರುವ ಪ್ರತಿಕ್ರಿಯೆ, ಮೈಬಣ್ಣ. ಒಂದೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ. ಹುಟ್ಟಿದ ಒಂದು ನಿಮಿಷಕ್ಕೆ ಸರಿಯಾಗಿ ನೋಡಿ ಕೂಡಿಸಬೇಕು. ಯಂತ್ರ ಬೇಡ, ರಕ್ತ ಪರೀಕ್ಷೆ ಬೇಡ. ಕಣ್ಣು, ಕಿವಿ, ಕೈ, ಗಡಿಯಾರ ಇದ್ದರೆ ಸಾಕು. ಇನ್ನೊಂದು ಎಚ್ಚರಿಕೆಯನ್ನೂ ಅವರು ಹೇಳಿದ್ದರು. ಹೆರಿಗೆ ಮಾಡಿಸಿದವರೇ ಅಂಕ ಕೊಡಬಾರದು. ತನ್ನ ಕೆಲಸಕ್ಕೆ ತಾನೇ ಅಂಕ ಕೊಟ್ಟುಕೊಂಡರೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತೇ ಇದೆ.

1952ರಲ್ಲಿ ಅರಿವಳಿಕೆ ತಜ್ಞರ ಸಮ್ಮೇಳನದಲ್ಲಿ ಇದನ್ನು ಮಂಡಿಸಿದರು, 1953ರಲ್ಲಿ ಲೇಖನ ಪ್ರಕಟವಾಯಿತು. ಮುಂದೆ 5 ನಿಮಿಷಕ್ಕೆ ಇನ್ನೊಮ್ಮೆ ನೋಡುವ ಪದ್ಧತಿಯೂ ಬಂತು. 12 ಆಸ್ಪತ್ರೆಗಳ 17,000ಕ್ಕೂ ಹೆಚ್ಚು ಕೂಸುಗಳ ಅಧ್ಯಯನ ಈ ಅಂಕದ ಉಪಯೋಗವನ್ನು ದೃಢಪಡಿಸಿತು. 1962ರಲ್ಲಿ ಡೆನ್ವರ್‌ನ ಮಕ್ಕಳ ತಜ್ಞ ಜೋಸೆಫ್ ಬಟರ್‌ಫೀಲ್ಡ್ ಅವರ ಹೆಸರಿನ ಐದು ಇಂಗ್ಲಿಷ್ ಅಕ್ಷರಗಳಿಗೆ ಈ ಐದು ಅಂಶಗಳನ್ನು ಹೊಂದಿಸಿ, ವಿದ್ಯಾರ್ಥಿಗಳಿಗೆ ನೆನಪಿಡಲು ಸುಲಭ ಮಾಡಿಕೊಟ್ಟರು: ಅಪಿಯರೆನ್ಸ್, ಪಲ್ಸ್, ಗ್ರಿಮೇಸ್, ಆಕ್ಟಿವಿಟಿ, ರೆಸ್ಪಿರೇಶನ್. ನಾನು ಸೂತ್ರ ಎಂದುಕೊಂಡದ್ದು ಪೂರ್ತಿ ಸುಳ್ಳೂ ಅಲ್ಲ ನೋಡಿ.

ಇಷ್ಟು ಸರಳ ಲೆಕ್ಕ ಯಾಕೆ ಅಷ್ಟು ದೊಡ್ಡ ಬದಲಾವಣೆ ತಂದಿತು ಎಂದು ತುಂಬಾ ಯೋಚಿಸಿದ್ದೇನೆ. ನನಗನಿಸಿದ್ದು ಇಷ್ಟು. ಅಂಕ ಬರೆಯಬೇಕು ಎಂದ ಮೇಲೆ ಯಾರಾದರೂ ಒಬ್ಬರು ಕೂಸನ್ನು ನೋಡಲೇಬೇಕು. ಒಂದು ನಿಮಿಷಕ್ಕೆ ಮೂರು ಎಂದು ಬರೆದವರಿಗೆ ಐದನೇ ನಿಮಿಷಕ್ಕೆ ಅದನ್ನು ಏರಿಸುವ ಹಟ ಬರುತ್ತದೆ. ಈಗಿನ ಡಾಕ್ಟರು, ನರ್ಸ್‌ಗಳು ಅಂಕಕ್ಕಾಗಿ ಕಾಯುವುದಿಲ್ಲ. ಕೂಸು ಉಸಿರಾಡದಿದ್ದರೆ ಮೊದಲ ನಿಮಿಷದೊಳಗೇ ಗಾಳಿ ಕೊಡಲು ಶುರುಮಾಡುತ್ತಾರೆ. ಆದರೆ ಆ ಮೊದಲ ನಿಮಿಷ ಅಮೂಲ್ಯ ಎಂದು ಜಗತ್ತಿನ ಹೆರಿಗೆ ಕೋಣೆಗಳಿಗೆ ಕಲಿಸಿದವರಲ್ಲಿ ಅಪ್ಗಾರ್ ಮೊದಲಿಗರು.

ತಮ್ಮ ಲೆಕ್ಕಕ್ಕೆ ಅವರೂ ತಲೆಬಾಗಿದರು. ಡಂಕನ್ ಹಾಲಡೇ, ಸ್ಟ್ಯಾನ್ಲಿ ಜೇಮ್ಸ್ ಎಂಬ ಸಹೋದ್ಯೋಗಿಗಳ ಜೊತೆ ಸೇರಿ, ನವಜಾತ ಶಿಶುಗಳ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ, ಆಮ್ಲೀಯತೆ ಎಷ್ಟಿದೆ ಎಂದು ಅಳೆದರು. ಹುಟ್ಟಿದಾಗ ಆಮ್ಲಜನಕ ಕಡಿಮೆ ಇರುವುದು ಸಹಜ, ಕೂಸು ತಡೆದುಕೊಳ್ಳುತ್ತದೆ ಎಂಬ ನಂಬಿಕೆ ಆಗ ಇತ್ತು. ಕಡಿಮೆ ಅಂಕದ ಕೂಸುಗಳಿಗೆ ತಕ್ಷಣ ಉಸಿರಾಟದ ನೆರವು ಬೇಕು ಎಂದು ಈ ಕೆಲಸ ತೋರಿಸಿತು. ತಾಯಿಗೆ ಸೈಕ್ಲೋಪ್ರೊಪೇನ್ ಅನಿಲ ಕೊಟ್ಟಾಗ ಕೂಸುಗಳು ಮಂಕಾಗಿ ಹುಟ್ಟುತ್ತವೆ ಎಂದೂ ತಿಳಿಯಿತು. ಅದು ಅಪ್ಗಾರ್ ಅವರಿಗೆ ಅಚ್ಚುಮೆಚ್ಚಿನ ಅರಿವಳಿಕೆ. ಆದರೂ ಹೆರಿಗೆಗೆ ಅದನ್ನು ಬಳಸುವುದನ್ನು ಬಿಟ್ಟುಬಿಟ್ಟರು.

ಅವರು ಗಂಭೀರ ಮುಖದ ಪ್ರೊಫೆಸರ್ ಆಗಿರಲಿಲ್ಲ. ಮಾತು ವೇಗ, ನಡಿಗೆ ವೇಗ. ಎಲ್ಲಿ ಯಾರ ಉಸಿರು ಕಟ್ಟಿದರೂ ಉಪಯೋಗಕ್ಕೆ ಇರಲಿ ಎಂದು ಚಿಕ್ಕ ಚಾಕು, ಶ್ವಾಸನಾಳಕ್ಕೆ ಹಾಕುವ ಕೊಳವೆಯನ್ನು ಸದಾ ಜೊತೆಗೆ ಇಟ್ಟುಕೊಳ್ಳುತ್ತಿದ್ದರು. ಪಿಟೀಲು, ಚೆಲ್ಲೊ ನುಡಿಸುತ್ತಿದ್ದರು. ಕಾರ್ಲೀನ್ ಹಚಿನ್ಸ್ ಎಂಬ ರೋಗಿಯೊಬ್ಬರಿಂದ ವಾದ್ಯ ತಯಾರಿಸುವುದನ್ನೂ ಕಲಿತರು. ಆಸ್ಪತ್ರೆಯ ಟೆಲಿಫೋನ್ ಬೂತ್‌ನಲ್ಲಿದ್ದ ಮರದ ಹಲಗೆ ವಾದ್ಯಕ್ಕೆ ಹೇಳಿ ಮಾಡಿಸಿದಂತಿತ್ತು. ಆಸ್ಪತ್ರೆಯವರು ಕೊಡಲು ಒಪ್ಪಲಿಲ್ಲ. 1957ರಲ್ಲಿ ಒಂದು ರಾತ್ರಿ ಇಬ್ಬರೂ ಹೋಗಿ ಬೇರೆ ಹಲಗೆ ಕೂರಿಸಿ ಅದನ್ನು ಎತ್ತಿಕೊಂಡು ಬಂದರು. ಹೊಸ ಹಲಗೆ ಸ್ವಲ್ಪ ಉದ್ದವಾದಾಗ ಹಚಿನ್ಸ್ ಮಹಿಳೆಯರ ಶೌಚಾಲಯದಲ್ಲಿ ಕೂತು ಗರಗಸದಿಂದ ಕುಯ್ದರಂತೆ, ಪ್ರೊಫೆಸರ್ ಬಾಗಿಲಲ್ಲಿ ಕಾವಲು ನಿಂತಿದ್ದರಂತೆ!

50 ವರ್ಷ ತುಂಬುವ ಹೊತ್ತಿಗೆ ಅವರು ಮತ್ತೆ ವಿದ್ಯಾರ್ಥಿಯಾದರು. 1959ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಪಡೆದು, ಮಾರ್ಚ್ ಆಫ್ ಡೈಮ್ಸ್ ಸಂಸ್ಥೆ ಸೇರಿದರು. ಪೋಲಿಯೊ ವಿರುದ್ಧ ಹುಟ್ಟಿದ ಆ ಸಂಸ್ಥೆ, ಲಸಿಕೆ ಬಂದ ಮೇಲೆ ಹುಟ್ಟಿನಿಂದ ಬರುವ ತೊಂದರೆಗಳ ಕಡೆ ತಿರುಗಿತ್ತು. ಕೊನೆಯವರೆಗೂ ಊರೂರು ಸುತ್ತಿ ಗರ್ಭಿಣಿಯರ ಆರೈಕೆ, ರುಬೆಲ್ಲಾ ಲಸಿಕೆ, ಅವಧಿಪೂರ್ವ ಹೆರಿಗೆಯ ಬಗ್ಗೆ ಜನರಿಗೆ ತಿಳಿಯುವ ಮಾತಿನಲ್ಲಿ ಹೇಳಿದರು. 1972ರಲ್ಲಿ ಜೋನ್ ಬೆಕ್ ಜೊತೆ ತಂದೆತಾಯಿಯರಿಗಾಗಿ ಪುಸ್ತಕ ಬರೆದರು. ಮದುವೆಯಾಗಲಿಲ್ಲ. 1974ರ ಆಗಸ್ಟ್ 7ರಂದು, ತಾವು ಬಹುಕಾಲ ದುಡಿದ ಕೊಲಂಬಿಯಾದ ಆಸ್ಪತ್ರೆಯಲ್ಲೇ ತೀರಿಕೊಂಡರು. 1994ರಲ್ಲಿ ಅಮೆರಿಕ ಅವರ ಅಂಚೆಚೀಟಿ ಹೊರಡಿಸಿತು.

ನಾನು ಓದಿದ್ದು ಸಾಕು ಎಂದು ನಿಲ್ಲಿಸುವಂತಿರಲಿಲ್ಲ. ಒಳಗೆ ನಮ್ಮ ಕೂಸು ಇನ್ನೂ ಉಸಿರಿಗಾಗಿ ಹೋರಾಡುತ್ತಿತ್ತು. ಶ್ವಾಸಕೋಶದ ಪುಟ್ಟ ಗಾಳಿಚೀಲಗಳ ಒಳಗೆ ಸಾಬೂನಿನಂಥ ಒಂದು ತೆಳುಪದರ ಇರುತ್ತದೆ. ಅದಕ್ಕೆ ಸರ್ಫ್ಯಾಕ್ಟಂಟ್ ಎನ್ನುತ್ತಾರೆ. ಗರ್ಭದ ಕೊನೆಯ ವಾರಗಳಲ್ಲಿ ಅದು ಸಾಕಷ್ಟು ಕೂಡಿಕೊಳ್ಳುತ್ತದೆ. ಬೇಗ ಹುಟ್ಟಿದ ಕೂಸಿಗೆ ಅದು ಸಾಲದು. ಹೊಸ ಬಲೂನಿಗೆ ಮೊದಲ ಊದು ಎಷ್ಟು ಕಷ್ಟ ಅಲ್ಲವೇ? ಈ ಕೂಸಿನ ಗಾಳಿಚೀಲಗಳು ಪ್ರತಿ ಸಲ ಉಸಿರು ಬಿಟ್ಟಾಗಲೂ ಮುದುಡಿಕೊಳ್ಳುತ್ತವೆ. ಪ್ರತಿ ಉಸಿರೂ ಮೊದಲ ಊದು. ಸರ್ಫ್ಯಾಕ್ಟಂಟ್ ಕೊರತೆಯೇ ಇದಕ್ಕೆ ಕಾರಣ ಎಂದು 1959ರಲ್ಲಿ ಮೇರಿ ಎಲೆನ್ ಏವರಿ, ಜೆರ್ ಮೀಡ್ ತೋರಿಸಿದರು. ಆದರೂ ಚಿಕಿತ್ಸೆ ಬರಲು ವರ್ಷಗಳೇ ಬೇಕಾದವು. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಇದೇ ತೊಂದರೆಯಿಂದ 39 ಗಂಟೆಯಷ್ಟೇ ಬದುಕಿದ. 1971ರಲ್ಲಿ ಜಾರ್ಜ್ ಗ್ರೆಗರಿ ಒಂದು ದಾರಿ ತೋರಿಸಿದರು. ಉಸಿರು ಬಿಟ್ಟಾಗಲೂ ಸ್ವಲ್ಪ ಒತ್ತಡದ ಗಾಳಿ ಒಳಗೇ ಇರುವಂತೆ ಮಾಡಿದರೆ ಚೀಲಗಳು ಮುದುಡುವುದಿಲ್ಲ. ಅದೇ ಸಿಪ್ಯಾಪ್.

ನಮ್ಮ ಕೂಸಿನ ಮೂಗಿಗೂ ಅದನ್ನೇ ಹಾಕಿದ್ದರು. ಗಾಜಿನಾಚೆಯಿಂದ ನೋಡಿದರೆ ಮೂಗಿನಿಂದ ಹೊರಟ ಕೊಳವೆಯ ತುದಿ ಒಂದು ನೀರಿನ ಬಾಟಲಿಯೊಳಗೆ ಮುಳುಗಿತ್ತು. ಬುಳುಬುಳು ಗುಳ್ಳೆ ಏಳುತ್ತಿದ್ದವು. ಏನಿದು ಎಂದು ನೋಡುತ್ತ ನಿಂತವನಿಗೆ ತಟ್ಟನೆ ಹೊಳೆಯಿತು. ಕೊಳವೆ ನೀರಿನಲ್ಲಿ ಎಷ್ಟು ಆಳ ಮುಳುಗಿದೆಯೋ ಅಷ್ಟೇ ಒತ್ತಡ. 5 ಸೆಂ.ಮೀ. ಮುಳುಗಿಸಿದರೆ 5 ಸೆಂ.ಮೀ. ನೀರಿನಷ್ಟು ಒತ್ತಡ. ಸಾಂದ್ರತೆ, ಗುರುತ್ವ, ಆಳ ಈ ಮೂರರ ಗುಣಲಬ್ಧ. ನನ್ನ ಬ್ಯಾಕ್ ಉಳಿದಿದ್ದ ಎರಡು ವಿಷಯಗಳಲ್ಲಿ ಒಂದು ಫ್ಲೂಯಿಡ್ ಮೆಕ್ಯಾನಿಕ್ಸ್. ಯಾವ ಸೂತ್ರವನ್ನು ಯಾಕೆ ಓದಬೇಕು ಎಂದು ಬೈದುಕೊಂಡಿದ್ದೆನೋ ಅದೇ ನನ್ನ ಅಕ್ಕನ ಕೂಸಿನ ಉಸಿರನ್ನು ಹಿಡಿದು ನಿಲ್ಲಿಸಿತ್ತು. ಈ ಗುಳ್ಳೆ ಬಾಟಲಿಯ ಪದ್ಧತಿಯನ್ನು 1970ರ ದಶಕದಿಂದ ಪಟ್ಟುಹಿಡಿದು ಬೆಳೆಸಿದವರು ಜೆನ್ ಟಿಯೆನ್ ವುಂಗ್. ಅವರೂ ಅರಿವಳಿಕೆ ತಜ್ಞರೇ, ಅವರದೂ ಅಪ್ಗಾರ್ ದುಡಿದ ಅದೇ ಕೊಲಂಬಿಯಾ ಆಸ್ಪತ್ರೆ.

ಆರನೇ ದಿನ ಕೊಳವೆ ತೆಗೆದರು. ಆಮೇಲೆ ಅಕ್ಕ ಕೂಸನ್ನು ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಂಡು ಗಂಟೆಗಟ್ಟಲೆ ಕೂರುತ್ತಿದ್ದಳು. ಕೂಸು ಮನೆಗೆ ಬರಲು ಇನ್ನೂ ಮೂರು ವಾರ ಹಿಡಿಯಿತು. ನಾನು ಅಪ್ಪನಿಗೆ ಫೋನ್ ಮಾಡಿ, ಫೈಲ್ ತಪ್ಪಾಗಿ ಓದಿದ್ದೆ, ತೊಟ್ಟಿಲಿನವನಿಗೆ ಕೆಲಸ ಮುಂದುವರಿಸಲು ಹೇಳು ಎಂದೆ. ಅವನಿಗೆ ನಿಲ್ಲಿಸಲು ಹೇಳಿಯೇ ಇರಲಿಲ್ಲ ಎಂದು ಅಪ್ಪ ತಣ್ಣಗೆ ಹೇಳಿದ. ಇಂಗ್ಲಿಷ್ ಬಾರದ ಅಪ್ಪ ಆ ಮೂರು ಅಂಕವನ್ನು ನನಗಿಂತ ಸರಿಯಾಗಿ ಓದಿದ್ದ.

ಗೆಳೆಯರೇ, ಅಪ್ಗಾರ್ ಅಂಕ ಕೂಸಿನ ಬುದ್ಧಿಯನ್ನಾಗಲಿ ಭವಿಷ್ಯವನ್ನಾಗಲಿ ಹೇಳುವುದಿಲ್ಲ ಎಂದು ವೈದ್ಯರು ಮತ್ತೆ ಮತ್ತೆ ಎಚ್ಚರಿಸುತ್ತಾರೆ. ಆ ಕ್ಷಣಕ್ಕೆ ಎಷ್ಟು ನೆರವು ಬೇಕು ಎಂದಷ್ಟೇ ಅದು ಹೇಳುತ್ತದೆ. ನಮ್ಮ ಅಂಕಪಟ್ಟಿಗಳನ್ನೂ ಹಾಗೆ ಓದಲು ಬರುತ್ತಿದ್ದರೆ ಎಷ್ಟು ಚೆನ್ನಾಗಿತ್ತು! ಮೆಕ್ಯಾನಿಕಲ್ ಓದಿದವರಿಗೆ ಕೆಲಸವೆಲ್ಲಿದೆ ಎಂದು ಕೇಳುವವರು ನನಗೂ ದಿನಾ ಸಿಗುತ್ತಾರೆ. ಬೆಂಗಳೂರಿನ ಕೋಯೊ ಲ್ಯಾಬ್ಸ್‌ನವರು ಸಾನ್ಸ್ ಎಂಬ ಪುಟ್ಟ ಸಿಪ್ಯಾಪ್ ಯಂತ್ರ ಮಾಡಿದ್ದಾರೆ. ಕರೆಂಟ್ ಇಲ್ಲದಿದ್ದರೆ ಬ್ಯಾಟರಿ, ಅದೂ ಇಲ್ಲದಿದ್ದರೆ ಕೈಯಿಂದ ಗಾಳಿ ಪಂಪ್ ಮಾಡಿ ನಡೆಸಬಹುದು. ಅದನ್ನು ರೂಪಿಸಿದ ಎಂಜಿನಿಯರ್ ನಿತೇಶ್ ಕುಮಾರ್ ಜಾಂಗೀರ್ ಅವರಿಗೆ 2019ರಲ್ಲಿ ಕಾಮನ್‌ವೆಲ್ತ್ ಪ್ರಶಸ್ತಿ ಬಂತು. ಅಂದು ರಾತ್ರಿ ಆಂಬುಲೆನ್ಸ್‌ನಲ್ಲಿ ಅಂಥ ಯಂತ್ರ ಇದ್ದಿದ್ದರೆ ಅವ್ವ ದಾರಿಯುದ್ದಕ್ಕೂ ಕೂಸಿನ ಎದೆಯನ್ನೇ ದಿಟ್ಟಿಸುತ್ತ ಕೂರಬೇಕಾಗಿರಲಿಲ್ಲ. ನನ್ನ ಕೊನೆಯ ವರ್ಷದ ಪ್ರಾಜೆಕ್ಟ್ ಯಾವುದರ ಮೇಲೆ ಎಂದು ಈಗಲೇ ಬರೆದಿಟ್ಟುಕೊಂಡಿದ್ದೇನೆ.

ಫ್ಲೂಯಿಡ್ ಮೆಕ್ಯಾನಿಕ್ಸ್ ಪಾಸಾಯಿತು. ಇನ್ನೊಂದು ಇನ್ನೂ ಉಳಿದಿದೆ. ಕೂಸು ಈಗ ಬಣ್ಣದ ತೊಟ್ಟಿಲಲ್ಲಿ ಮಲಗಿ, ಓಣಿಯವರೆಲ್ಲ ಎದ್ದು ಬರುವಂತೆ ಅಳುತ್ತದೆ. ನಮ್ಮ ಮನೆಯಲ್ಲಿ ಯಾರೂ ಅದಕ್ಕೆ ಸುಮ್ಮನಿರು ಎನ್ನುವುದಿಲ್ಲ.